ಬಾಯಿಮಾತು

ಜನವರಿ 11

ಅಮ್ಮಾ,

ಮೊನ್ನೆ ಫೋನಿನಲ್ಲಿ ನಾನು "ಊಟ ಆಯ್ತಾ?" ಎಂದು ಕೇಳಿದೆ. ನೀನು "ಅದು ಮಾರಾಟ ಆಗೋಯ್ತಂತೆ" ಎಂದೆ. ಏನು ಮಾರಾಟವಾಯಿತೋ ದೇವರಿಗೇ ಗೊತ್ತು. ನಾನು ಇನ್ನೂ ಗಟ್ಟಿಯಾಗಿ ಕೂಗಿದೆ. ಪಕ್ಕದ ಕೋಣೆಯವರು ಬಾಗಿಲು ತೆಗೆದು "ಎಲ್ಲಾ ಕ್ಷೇಮ ತಾನೆ?" ಎಂದು ವಿಚಾರಿಸಿಕೊಂಡು ಹೋದರು, ನಿನಗೆ ಮಾತ್ರ ಕೇಳಿಸಲಿಲ್ಲ. ಇನ್ನು ಮೇಲೆ ಫೋನು ಬೇಡ, ಬರೆಯೋಣ. ಕಾಗದಕ್ಕೆ ಕಿವಿ ಬೇಕಿಲ್ಲ. ಮೊಬೈಲಿನಲ್ಲಿ ಬರೆದು ಕಳಿಸಿದರೆ ಅಕ್ಷರವೆಲ್ಲ ಇರುವೆಸಾಲು ಎನ್ನುತ್ತೀಯ, ಅದಕ್ಕೇ ಗೆರೆ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆಯುತ್ತಿದ್ದೇನೆ.

ನಿನ್ನ ಕಿವಿ ವರ್ಷದಿಂದ ವರ್ಷಕ್ಕೆ ಮಂದವಾಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ ಎಂದು ನಿಮ್ಮ ಬಟ್ಟೆ ಮಿಲ್ಲಿನ ಡಾಕ್ಟರು ಹೇಳಿದ ದಿನದಿಂದ ನನಗೆ ಇದೇ ಚಿಂತೆ. ಒಬ್ಬರಿಗೊಬ್ಬರು ಎಂದು ಇರುವವರೇ ನಾವಿಬ್ಬರು. ಮುಂದೊಂದು ದಿನ ನಾನು ಬಂದು ನಿನ್ನೆದುರು ಕೂತರೆ ನಾವು ಮಾತಾಡುವುದು ಹೇಗೆ? ಚೀಟಿ ಬರೆದು ದಾಟಿಸುತ್ತಾ ಕೂರುವುದೇ?

ಇರಲಿ. ಊರಿಗೆ ಬಂದಾಗ ನೀನು ಹಟ ಹಿಡಿದ ಕೆಲಸ ಮಾಡಿದ್ದೇನೆ, ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೋಗಿ ಬಂದೆ. ನನ್ನದು ಬರೀ ಉಬ್ಬುಹಲ್ಲು ಎಂದುಕೊಂಡಿದ್ದೆ. ಅವರು ಎಕ್ಸ್‌ರೇ ತೆಗೆಸಿ, ಹಲ್ಲಿನ ಅಚ್ಚು ತೆಗೆದು, ಆ ಅಚ್ಚನ್ನು ನನ್ನ ಕೈಗೇ ಕೊಟ್ಟು ಹಿಂಬದಿಯಿಂದ ತೋರಿಸಿದರು. ಬಾಯಿ ಮುಚ್ಚಿದಾಗಲೆಲ್ಲ ಕೆಳಗಿನ ಹಲ್ಲು ಮೇಲಿನ ಅಂಗುಳನ್ನು ಕುಕ್ಕುತ್ತಿದೆ. "ಇದು ಬರೀ ಚೆಂದದ ವಿಷಯ ಅಲ್ಲಮ್ಮ. ಹೀಗೇ ಬಿಟ್ರೆ ಒಸಡು ಸವೆದು ಮುಂದಿನ ಹಲ್ಲೇ ಅಲ್ಲಾಡೋಕೆ ಶುರುವಾಗುತ್ತೆ" ಎಂದರು. ಈ ವಯಸ್ಸಿನಲ್ಲಿ ಆಗುತ್ತದೆಯೇ ಎಂದು ಕೇಳಿದೆ. "ಒಸಡು, ಮೂಳೆ ಗಟ್ಟಿ ಇದ್ರೆ ವಯಸ್ಸು ಅಡ್ಡಿ ಇಲ್ಲ. ಸಣ್ಣ ಮಕ್ಕಳಿಗಿಂತ ಸ್ವಲ್ಪ ನಿಧಾನ, ಅಷ್ಟೇ" ಎಂದರು. ಹೆಚ್ಚುಕಡಿಮೆ ಎರಡು ವರ್ಷವಂತೆ. ಜಾಗ ಮಾಡಲು ನಾಲ್ಕು ಹಲ್ಲು ಕೀಳಬೇಕಂತೆ.

ನನಗೆ ಮನಸ್ಸಿಲ್ಲ. ಶಾಲೆ ಪೂರ್ತಿ "ತುರಿಮಣೆ" ಎನ್ನಿಸಿಕೊಂಡು ಮುಗಿಸಿದವಳು ಇಪ್ಪತ್ತೆಂಟಕ್ಕೆ ಕ್ಲಿಪ್ಪು ಹಾಕಿಸಿಕೊಂಡರೆ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಮೇಲಾಗಿ ನಾನು ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುವವಳು. ನನ್ನ ದನಿ ಊರಿಗೆಲ್ಲ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. ಬಾಯಿ ಯಾರಿಗೂ ಕಾಣದ ಕೆಲಸ ಎಂದೇ ಇದನ್ನು ಹುಡುಕಿಕೊಂಡದ್ದು. ಬಾಯಿಗೆ ತಂತಿ ಬಿಗಿದು ಇರುವ ದನಿಯೂ ಹೋದರೆ ಏನು ಗತಿ? ಬೇಡ ಎಂದುಬಿಡು. ನಿನ್ನ ಮಾತಿಗೆ ಎದುರಾಡುವುದಿಲ್ಲ.

ನಿನ್ನ
ಗುಬ್ಬಿ


ಜನವರಿ 27

ಗುಬ್ಬೀ,

ಹಾಕಿಸಿಕೋ. ಎದುರಾಡುವುದಿಲ್ಲ ಎಂದು ನೀನೇ ಬರೆದುಕೊಟ್ಟಿದ್ದೀಯ, ಕಾಗದ ಭದ್ರವಾಗಿ ಎತ್ತಿಟ್ಟಿದ್ದೇನೆ.

ಕಿವಿಗೆ ಯಂತ್ರ ಕೊಟ್ಟರು. ಹಾಕಿಕೊಂಡರೆ ಲೋಟ ಇಟ್ಟದ್ದು ಸಿಡಿಲು ಹೊಡೆದ ಹಾಗೆ ಕೇಳುತ್ತದೆ, ಮಾತು ಮಾತ್ರ ಅದೇ ಗೊಜಗೊಜ. ಕಿವುಡನ ಮುಂದೆ ಕಿನ್ನರಿ ಬಾರಿಸಿದರೆ ಕಿನ್ನರಿಯದೇನು ತಪ್ಪು? ಯಂತ್ರವನ್ನು ಡಬ್ಬಿಯಲ್ಲಿ ಮಲಗಿಸಿದ್ದೇನೆ.

ನನಗಾಗಿ ಚಿಂತೆ ಮಾಡಬೇಡ. ಮಗ್ಗದ ಶೆಡ್ಡಿನಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ಅಲ್ಲಿ ಕಿವಿ ಇದ್ದವರಿಗೂ ಏನೂ ಕೇಳಿಸುವುದಿಲ್ಲ. ಸಾಲುಸಾಲು ಮಗ್ಗ ಹೊಡೆಯುವಾಗ ಪಕ್ಕದಲ್ಲಿ ನಿಂತವಳು ಕಿರುಚಿದರೂ ಅಷ್ಟೇ. ಅದಕ್ಕೇ ನಾವು ದನಿ ಎತ್ತುವುದಿಲ್ಲ. ಬಾಯಿ ಬಿಡಿಸಿ, ತುಟಿ ನಿಧಾನವಾಗಿ ಆಡಿಸಿ, ಸದ್ದಿಲ್ಲದೆ ಮಾತಾಡುತ್ತೇವೆ. ಶೆಡ್ಡಿನ ಆ ತುದಿಯಲ್ಲಿರುವವಳ ಸೊಸೆ ಏನಂದಳು ಎಂಬುದು ಈ ತುದಿಯಲ್ಲಿರುವ ನನಗೆ ಪೂರ್ತಿ ತಿಳಿಯುತ್ತದೆ. ಅದನ್ನು ನಾವು ಬಾಯಿಮಾತು ಎನ್ನುತ್ತೇವೆ. ಹೊರಗೆ ಬಾಯಿಮಾತು ಎಂದರೆ ಬರೀ ತೋರಿಕೆಯ ಮಾತು. ನಮ್ಮಲ್ಲಿ ಬಾಯಿಮಾತೇ ನಿಜವಾದ ಮಾತು.

ಒಂದೇ ತೊಂದರೆ, ಪ ಬ ಮ ಮೂರೂ ತುಟಿಗೆ ಒಂದೇ. ಮೊನ್ನೆ ನನ್ನ ಪಕ್ಕದ ಮಗ್ಗದ ಎಡಚಿ, ಹೊಸದಾಗಿ ಸೇರಿದ ಹುಡುಗಿಗೆ "ಮಳೆ ಬಂತು, ಕಿಟಕಿ ಹಾಕು" ಎಂದಳು. ಆ ಹುಡುಗಿ "ಬಳೆ ಬಂತು" ಎಂದು ತಿಳಿದು, ಬಳೆ ಮಾರುವವಳನ್ನು ಹುಡುಕಿಕೊಂಡು ಗೇಟಿನವರೆಗೆ ಓಡಿ, ಪೂರ್ತಿ ನೆನೆದು ಬಂದಳು. ಕಿಟಕಿ ತೆರೆದೇ ಇತ್ತು.

ಡಾಕ್ಟರಮ್ಮ ಹೇಳುವುದನ್ನೆಲ್ಲ ಬರೆಯುತ್ತಿರು. ಏನು ನೋವು, ಏನು ಊಟ, ಎಲ್ಲ. ಎರಡು ವರ್ಷ ನನ್ನ ಕಣ್ಣಿಗೆ ಬೀಳದೆ ನನ್ನ ಮಗಳ ಬಾಯಿಯೊಳಗೆ ಏನೇನೋ ನಡೆಯುವುದು ನನಗಿಷ್ಟವಿಲ್ಲ.

ಅಮ್ಮ


ಮಾರ್ಚ್ 2

ಅಮ್ಮಾ,

ಕ್ಷೇಮಸಮಾಚಾರ ಅರ್ಧ ಮಾತ್ರ, ಉಳಿದರ್ಧ ನೋಯುತ್ತಿದೆ.

ನಾಲ್ಕು ಹಲ್ಲು ಹೋದವು. ಕೀಳುವಾಗ ನೋವಿಲ್ಲ, ಬರೀ ಜಗ್ಗಿದ ಹಾಗೆ. ಆಮೇಲೆ ದವಡೆ ಹಲ್ಲಿನ ಸಂದಿಗೆ ಪುಟ್ಟ ರಬ್ಬರ್ ಉಂಗುರ ತೂರಿಸಿ ಒಂದು ವಾರ ಬಿಟ್ಟರು. ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡು ಇಡೀ ವಾರ ಹೊರಗೆ ಬರದಿದ್ದರೆ ಹೇಗಿರುತ್ತದೋ ಹಾಗೆ. ಕೊನೆಗೆ ಒಂದೊಂದು ಹಲ್ಲಿಗೂ ಲೋಹದ ಸಣ್ಣ ಚೌಕ ಅಂಟಿಸಿ, ಅದರ ಮೇಲೆ ತಂತಿ ಹಾಯಿಸಿದರು. ಅಂಟಿಸುವಾಗ ನೋಯುವುದಿಲ್ಲ, ಬಾಯಿ ತೆರೆದುಕೊಂಡು ಕೂತು ಕೂತು ದವಡೆ ಜೋಮು ಹಿಡಿಯುತ್ತದೆ. ಇಷ್ಟೇನಾ ಎಂದು ಕುಣಿಯುತ್ತಾ ಮನೆಗೆ ಬಂದೆ. ಸಂಜೆ ಶುರುವಾಯಿತು ನೋಡು, ಮೃದುವಾದ ಅನ್ನವೂ ಕಲ್ಲು. ಡಾಕ್ಟರಮ್ಮ ಮೊದಲೇ ಹೇಳಿದ್ದರು, "ಮೂರ್ನಾಲ್ಕು ದಿನ ನನ್ನನ್ನ ಬೈಕೋತೀರ. ಬೈಕೊಳ್ಳಿ, ಆದ್ರೆ ಗಂಜಿ ಕುಡಿದು ಬೈಕೊಳ್ಳಿ." ನಾನು ಚಾಚೂ ತಪ್ಪದೆ ಪಾಲಿಸಿದೆ, ಎರಡನ್ನೂ.

ಗಟ್ಟಿಯದು, ಅಂಟುವುದು ಯಾವುದೂ ಬಾಯಿಗೆ ಹೋಗಬಾರದು. ಹಣ್ಣನ್ನೂ ಕಚ್ಚದೆ ಹೆಚ್ಚಿಯೇ ತಿನ್ನಬೇಕು. ಕೆನ್ನೆಗೆ ತಂತಿ ತಾಗಿ ಹುಣ್ಣಾಗುವ ಕಡೆ ಮೇಣ ಉಂಡೆ ಮಾಡಿ ಮೆತ್ತಬೇಕು, ಉಪ್ಪುನೀರು ಮುಕ್ಕಳಿಸಬೇಕು. ಪ್ರತಿ ಊಟವಾದ ಮೇಲೂ ಚೌಕದ ಮೇಲೆ, ಕೆಳಗೆ, ತಂತಿಯ ಹಿಂದೆ ಉಜ್ಜಬೇಕು, ಅದಕ್ಕೊಂದು ಪುಟಾಣಿ ಬ್ರಷ್ಷೇ ಬೇರೆ ಇದೆ. ಸೋಮಾರಿತನ ಮಾಡಿದರೆ ತಂತಿ ತೆಗೆದ ದಿನ ಹಲ್ಲು ನೆಟ್ಟಗೂ ಇರುತ್ತದೆ, ಬಿಳಿ ಕಲೆಯೂ ಇರುತ್ತದೆ ಎಂದು ಹೆದರಿಸಿದ್ದಾರೆ. "ಅರ್ಧ ಕೆಲಸ ನಂದು, ಅರ್ಧ ನಿಮ್ದು. ನಿಮ್ಮ ಅರ್ಧ ನಾನು ಮಾಡೋಕಾಗಲ್ಲ" ಎಂದರು. ಮಾತು ಕಡ್ಡಿ ತುಂಡು ಮಾಡಿದ ಹಾಗೆ, ಕೈ ಮಾತ್ರ ಬೆಣ್ಣೆ. ನನಗೆ ಅವರು ಇಷ್ಟವಾದರು.

ನಿಜವಾದ ಕಷ್ಟ ಬೇರೆ ಇದೆ. ಕೆಳಗಿನ ಹಲ್ಲು ಕುಕ್ಕದಂತೆ ಅಂಗುಳಿಗೆ ಒಂದು ಸಣ್ಣ ತಟ್ಟೆ ಕೂರಿಸಿದ್ದಾರೆ. ನಾಲಿಗೆ ಹೋಗಿ ಅದಕ್ಕೆ ತಾಗಿ ನನ್ನ ಸ ಎಲ್ಲಾ ಶ ಆಗಿಬಿಟ್ಟಿದೆ. ಮೈಕಿನಲ್ಲಿ "ಶಂಜೆಯ ರೈಲು ಶುಮಾರು ಅರ್ಧ ಗಂಟೆ ತಡವಾಗಿ ಬರಲಿದೆ" ಎಂದೆ. ಸ್ಟೇಷನ್ ಮಾಸ್ತರು ಬಾಗಿಲಲ್ಲಿ ತಲೆ ಹಾಕಿ, "ನಮ್ಮ ಟೈಂಟೇಬಲ್ಲಲ್ಲಿ ಬೆಳಿಗ್ಗೆ ಇದೆ, ಸಂಜೆ ಇದೆ. ಈ ಶಂಜೆ ಯಾವಾಗ ಬರುತ್ತಮ್ಮ?" ಎಂದರು. ನಗೆ ಬಂತು, ಅಳುವೂ ಬಂತು. ಅಭ್ಯಾಸವಾದರೆ ನಾಲಿಗೆ ದಾರಿ ಕಂಡುಕೊಳ್ಳುತ್ತದಂತೆ. ಯಾವಾಗ ಎಂದು ಮಾತ್ರ ಡಾಕ್ಟರಮ್ಮ ಹೇಳಲಿಲ್ಲ.

ನಿನ್ನ
ಗುಬ್ಬಿ


ಮಾರ್ಚ್ 19

ಗುಬ್ಬೀ,

ನಿನ್ನ ಕಾಗದವನ್ನು ಶೆಡ್ಡಿಗೆ ಒಯ್ದು ಎಲ್ಲರಿಗೂ ಬಾಯಿಮಾತಿನಲ್ಲಿ ಓದಿದೆ. ಶಂಜೆಯ ಜಾಗ ಬಂದಾಗ ನನ್ನ ತುಟಿಯಲ್ಲಿ ಸ ಯಾವುದು ಶ ಯಾವುದು ಎಂದು ಅವರಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳು, ಇನ್ನೊಮ್ಮೆ ಹೇಳು ಎಂದರು. ಅಷ್ಟರಲ್ಲಿ ಎಡಚಿಯ ಮಗ್ಗದಲ್ಲಿ ಎಳೆ ಕಡಿದು ಮೊಳದಷ್ಟು ಬಟ್ಟೆ ಹಾಳಾಯಿತು. ಆ ಪಾಪ ನಿನ್ನದೇ.

ಹೊಸದಾಗಿ ಮಗ್ಗಕ್ಕೆ ನಿಂತ ಹುಡುಗಿಯರಿಗೂ ಮೊದಲ ವಾರ ಬೆರಳೆಲ್ಲ ಊದುತ್ತದೆ, ಬಿಟ್ಟು ಹೋಗುತ್ತೇನೆ ಎನ್ನುತ್ತಾರೆ. ಎರಡನೇ ವಾರ ಯಾರೂ ಹೋಗುವುದಿಲ್ಲ. ಎಳೆಯನ್ನು ಒಮ್ಮೆಗೇ ಜಗ್ಗಿದರೆ ಕಡಿಯುತ್ತದೆ, ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾ ಹೋದರೆ ಎಲ್ಲಿಗೆ ಬೇಕೋ ಅಲ್ಲಿಗೆ ಬರುತ್ತದೆ. ಹಲ್ಲೂ ಹಾಗೇ ಇರಬೇಕು. ದಿನಾ ಗಟ್ಟಿಯಾಗಿ ಓದು. ನಾನೇ ಕಟ್ಟಿದ ಸಾಲೊಂದು ಕಳಿಸಿದ್ದೇನೆ: ಸೋಸಿದ ಸಾರು ಸೋಸಿ ಸೋಸಿ ಸೊಸೆ ಸೋತಳು. ಮೂರು ಸಲ ಉಸಿರು ಬಿಡದೆ ಹೇಳು.

ಅಮ್ಮ


ಏಪ್ರಿಲ್ 30

ಅಮ್ಮಾ,

ಸೊಸೆ ಸೋಲುವ ಮೊದಲು ನಾನೇ ಸೋತೆ.

ಮೊದಲು ಸಣ್ಣ ಸುದ್ದಿ. ಒಂದು ಚೌಕ ಕಿತ್ತು ಬಂತು. ಡಾಕ್ಟರಮ್ಮ "ಏನು ಕಚ್ಚಿದ್ರಿ? ಕಡಲೆ? ಮೂಳೆ? ನಿಜ ಹೇಳಿ" ಎಂದರು. "ದಾರ" ಎಂದೆ. ಅಂಗಿಗೆ ಗುಂಡಿ ಹೊಲಿದು, ನಿನ್ನ ಹಾಗೆಯೇ ದಾರವನ್ನು ಬಾಯಿಗಿಟ್ಟು ಕಡಿದಿದ್ದೆ. ಅವರ ಇಷ್ಟು ವರ್ಷದ ಕೆಲಸದಲ್ಲಿ ದಾರಕ್ಕೆ ಚೌಕ ಕಳೆದುಕೊಂಡವಳು ನಾನೇ ಮೊದಲಂತೆ. ಮಗ್ಗದ ಮನೆಯವಳು, ಮನೆಯಲ್ಲಿ ಕತ್ತರಿ ಇದ್ದರೂ ಹಲ್ಲೇ ಕತ್ತರಿ ಎಂದೆ. ಬೇರೆ ಅಂಟಿಸಿ, ಒಂದು ಪುಟ್ಟ ಕತ್ತರಿಯನ್ನೂ ಕೈಗಿಟ್ಟು ಕಳಿಸಿದರು.

ಈಗ ದೊಡ್ಡ ಸುದ್ದಿ. ಸ ಬರುವುದಿಲ್ಲವಲ್ಲ, ಅದಕ್ಕೆ ನಾನು ಸ ಇಲ್ಲದೆಯೇ ಪ್ರಕಟಣೆ ಮಾಡತೊಡಗಿದೆ. ಸಂಜೆ ಎನ್ನುವ ಬದಲು ಇಳಿಹೊತ್ತು. ಸುಮಾರು ಬದಲು ಹೆಚ್ಚುಕಡಿಮೆ. ಗಮನಿಸಿ ಬದಲು ಗಮನ ಕೊಡಿ. ಎರಡು ವಾರ ಯಾರಿಗೂ ತಿಳಿಯಲಿಲ್ಲ. ನಾನು ಜಂಬದಿಂದ ಬೀಗುತ್ತಿದ್ದೆ. ಹೋದ ವಾರ ರೈಲೊಂದು ಇದ್ದಕ್ಕಿದ್ದಂತೆ ಮೂರನೇ ಪ್ಲಾಟ್‌ಫಾರಂಗೆ ಬದಲಾಯಿತು. ಸೇತುವೆ ಬಳಸಿ ಎನ್ನಬೇಕು, ಅದರಲ್ಲಿ ಎರಡು ಸ. ಗಾಬರಿಯಲ್ಲಿ "ಹಿರಿಯರು ಕೂಡಲೇ ಮೇಲಿನ ದಾರಿ ಹಿಡಿಯಬೇಕು" ಎಂದುಬಿಟ್ಟೆ. ಎರಡು ಸಲ ಹೇಳಿದೆ. ಒಬ್ಬ ಅಜ್ಜ ಕೋಲೂರಿಕೊಂಡು ನೇರ ಮಾಸ್ತರ ಕೋಣೆಗೆ ಬಂದು, "ಮೇಲಿನ ದಾರಿ ಹಿಡಿಯೋ ವಯಸ್ಸೇ ನಂದು, ಇಲ್ಲ ಅನ್ನಲ್ಲ. ಆದ್ರೆ ಅದನ್ನ ಹೀಗೆ ಮೈಕಲ್ಲಿ ಕೂಗಿ ಹೇಳ್ತಾರೇನಪ್ಪ?" ಎಂದರು. ಅಷ್ಟರಲ್ಲಿ ಅವರ ರೈಲು ಹೊರಟುಹೋಗಿತ್ತು.

ಮಾಸ್ತರು ಬೈಯಲಿಲ್ಲ. ಅಜ್ಜನಿಗೆ ಚಹಾ ಕೊಡಿಸಿ ಮುಂದಿನ ರೈಲಿಗೆ ಹತ್ತಿಸಿದರು. ಆಮೇಲೆ ನನಗೆ, "ನೋಡಮ್ಮ, ನಿನ್ನ ಸ ವಾಪಸ್ ಬರೋವರೆಗೆ ಮೈಕು ಬೇಡ. ವಿಚಾರಣೆ ಕೌಂಟರಿಗೆ ಕೂತ್ಕೋ" ಎಂದರು. ಈಗ ನಾನು ಗಾಜಿನ ಹಿಂದೆ ಕೂತಿದ್ದೇನೆ. ಯಾವ ಬಾಯಿಯನ್ನು ಬಚ್ಚಿಡಲು ಮೈಕಿನ ಕೋಣೆ ಸೇರಿದ್ದೆನೋ ಅದೇ ಬಾಯಿ, ಅದೂ ತಂತಿ ಕಟ್ಟಿಕೊಂಡು, ದಿನವಿಡೀ ಪ್ರದರ್ಶನಕ್ಕೆ. ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಜನ "ಏನಂದ್ರಿ? ಕೈ ತೆಗೀರಿ" ಎನ್ನುತ್ತಾರೆ. ಇವತ್ತು ಒಬ್ಬಾಕೆ ಗದರಿಯೇ ಬಿಟ್ಟಳು.

ಸಾಕಾಗಿದೆ ಅಮ್ಮ. ಬರುವ ತಿಂಗಳು ಹೋಗಿ ಎಲ್ಲ ಬಿಚ್ಚಿಸಿಬಿಡುತ್ತೇನೆ. ಎದುರಾಡುವುದಿಲ್ಲ ಎಂದಿದ್ದೆ, ನಿಜ. ಆ ಕಾಗದ ಹರಿದುಹಾಕು.

ಗುಬ್ಬಿ


ಮೇ 12

ಗುಬ್ಬೀ,

ಹರಿಯುವುದಿಲ್ಲ. ಆದರೆ ಅದನ್ನು ತೋರಿಸಿ ನಿನ್ನನ್ನು ಕಟ್ಟಿಹಾಕುವುದೂ ಇಲ್ಲ. ಬಿಚ್ಚಿಸುವುದಾದರೆ ಬಿಚ್ಚಿಸು. ಅದಕ್ಕೆ ಮೊದಲು ಒಂದು ಮಾತು ಓದು.

ಡಿಸೆಂಬರಿನಲ್ಲಿ ನೀನು ಬಂದಾಗ ನಾಲ್ಕು ದಿನ ನನ್ನೆದುರು ಕೂತು ಬಾಯಿ ತುಂಬ ಮಾತಾಡಿದೆ. ನಾನು ನಕ್ಕೆ, ತಲೆಯಾಡಿಸಿದೆ, "ಹೌದಾ" ಎಂದೆ. ಗುಬ್ಬೀ, ಅದರಲ್ಲಿ ಒಂದು ಮಾತೂ ನನಗೆ ತಿಳಿಯಲಿಲ್ಲ. ಮೈಕಿನಲ್ಲಿ ನೀನು ಊರಿಗೆಲ್ಲ ಕೇಳಿಸುತ್ತೀಯ, ನನಗೆ ಕೇಳಿಸುವುದಿಲ್ಲ. ಕೇಳಿಸದಿದ್ದರೆ ಹೋಗಲಿ, ನನಗೆ ಮಾತು ನೋಡುವುದು ಗೊತ್ತಿದೆ. ಶೆಡ್ಡಿನ ಆ ತುದಿಯ ಮಾತು ಈ ತುದಿಯಿಂದ ಹಿಡಿಯುತ್ತೇನೆ. ನನ್ನ ಮಗಳು ಮೊಳ ದೂರದಲ್ಲಿ ಕೂತು ಆಡಿದ ಮಾತು ಮಾತ್ರ ಸಿಗುವುದಿಲ್ಲ. ಯಾಕೆಂದರೆ ನಿನ್ನ ಬಾಯಿಗೆ ಯಾವಾಗಲೂ ಕೈ ಅಡ್ಡ. ನಕ್ಕರೆ ಕೈ, ಮಾತಾಡಿದರೆ ಕೈ. ಎಂಟು ವರ್ಷದವಳಿದ್ದಾಗ ಶಾಲೆಯಿಂದ ಅಳುತ್ತಾ ಬಂದು ಅಡ್ಡ ಇಟ್ಟ ಕೈಯನ್ನು ನೀನು ಇನ್ನೂ ತೆಗೆದಿಲ್ಲ.

ಎದುರಿಗೇ ಹೇಳಬಹುದಿತ್ತು. ಹೇಳಿದರೆ ನೀನು ಮನೆಯಲ್ಲೂ ಬಾಯಿ ಬಿಡುವುದನ್ನು ನಿಲ್ಲಿಸಿದರೆ ಏನು ಮಾಡುವುದು ಎಂದು ಹೆದರಿದೆ. ಅದಕ್ಕೇ ಹಲ್ಲಿನ ನೆಪ ತೆಗೆದೆ. ನಾನು ತಂತಿ ಹಾಕಿಸು ಎಂದದ್ದು ಹಲ್ಲಿಗಾಗಿ ಅಲ್ಲ, ಆ ಕೈಗಾಗಿ. ಹಲ್ಲು ನೆಟ್ಟಗಾದರೆ ಕೈ ಕೆಳಗಿಳಿಯಬಹುದು ಎಂಬ ಆಸೆ.

ನಿನ್ನ ಹಲ್ಲು ನಿನ್ನ ಅಪ್ಪನದು. ಗೋಡೆಯ ಮೇಲಿನ ಫೋಟೋದಲ್ಲಿ ಬಾಯಿ ಮುಚ್ಚಿಕೊಂಡಿರುವುದು ಫೋಟೋದವನ ಕೆಲಸ, ಅವರದಲ್ಲ. ಶೆಡ್ಡಿನಲ್ಲಿ ಅವರು ಫಿಟ್ಟರ್. ಮಗ್ಗದ ಕೆಳಗಿನಿಂದ ಎದ್ದು, ಮುಖವೆಲ್ಲ ಎಣ್ಣೆ ಮೆತ್ತಿಕೊಂಡು, ಆ ಹಲ್ಲು ಪೂರ್ತಿ ಬಿಟ್ಟು ಮಾತಾಡುತ್ತಿದ್ದರು. ಇಡೀ ಶೆಡ್ಡಿಗೆ ಅವರ ಮಾತೇ ಎಲ್ಲರಿಗಿಂತ ಸ್ಪಷ್ಟ. ಮದುವೆಯಾಗುತ್ತೀಯಾ ಎಂದು ಕೇಳಿದ್ದೂ ಹಾಗೆಯೇ, ನಾಲ್ಕು ಮಗ್ಗದ ಆಚೆಯಿಂದ. ನಾನೊಬ್ಬಳೇ ನೋಡಿದೆ ಎಂದುಕೊಂಡಿದ್ದರು, ಇಡೀ ಸಾಲು ನೋಡಿತ್ತು. ನಿನಗೆ ಮೂರು ತುಂಬುವ ಮೊದಲೇ ಹೋದರು, ನಿನಗೆ ನೆನಪಿಲ್ಲ. ನನಗೆ ನಿನ್ನ ಹಲ್ಲನ್ನು ನೋಡಿದಾಗಲೆಲ್ಲ ನೆನಪಾಗುತ್ತದೆ. ಬಚ್ಚಿಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಇನ್ನು ನಿನ್ನಿಷ್ಟ.

ಅಮ್ಮ


ಜೂನ್ 20

ಅಮ್ಮಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ತಡವಾಯಿತು. ಬಹಳ ಹಾಳೆ ಹಾಳು ಮಾಡಿದೆ.

ಬಿಚ್ಚಿಸಲಿಲ್ಲ. ಡಾಕ್ಟರಮ್ಮನಿಗೆ ನಿನ್ನ ಮಾತು ಹೇಳಿದೆ. ಅವರು ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟರು. ಆಮೇಲೆ ಹೇಳಿದರು, "ಹಲ್ಲು ನಾನು ಸರಿ ಮಾಡ್ತೀನಿ. ಕೈಗೆ ನನ್ನ ಹತ್ರ ತಂತಿ ಇಲ್ಲ. ಎಷ್ಟೋ ಜನ ಹಲ್ಲು ನೆಟ್ಟಗಾದ ಮೇಲೂ ಕೈ ಅಡ್ಡ ಇಟ್ಕೊಂಡೇ ನಗ್ತಾರೆ. ಅದನ್ನ ಇವತ್ತಿಂದಲೇ ಶುರು ಮಾಡಿ."

ಕೌಂಟರಿನಲ್ಲಿ ಈಗ ಎರಡೂ ಕೈಯನ್ನು ಟೈಂಟೇಬಲ್ಲಿನ ಮೇಲೆ ಊರಿಕೊಂಡು ಕೂರುತ್ತೇನೆ. ಮೊದಲೆರಡು ದಿನ ಬಟ್ಟೆ ಬಿಚ್ಚಿ ಬೀದಿಯಲ್ಲಿ ನಿಂತ ಹಾಗಿತ್ತು. ಮೂರನೇ ದಿನ ನನಗೊಂದು ಸತ್ಯ ಹೊಳೆಯಿತು: ಜನರಿಗೆ ಬೇಕಿರುವುದು ರೈಲು, ನನ್ನ ಹಲ್ಲಲ್ಲ.

ಮೊನ್ನೆ ಒಬ್ಬ ಹೆಂಗಸು ಗಾಜಿನ ಆಚೆ ಏನೋ ಕೇಳುತ್ತಿದ್ದಳು, ಹಿಂದೆ ಗೂಡ್ಸ್ ಗಾಡಿ ಹೋಗುತ್ತಿತ್ತು. ನಾನು ಕೂಗಲಿಲ್ಲ. ಬಾಯಿ ಬಿಡಿಸಿ, ನಿಧಾನವಾಗಿ, ಸದ್ದಿಲ್ಲದೆ, "ಎರಡನೇ ಪ್ಲಾಟ್‌ಫಾರಂ, ಓಡಿ" ಎಂದೆ. ಅವಳು ಓಡಿದಳು, ರೈಲು ಸಿಕ್ಕಿತು. ಅಮ್ಮ, ನನಗೆ ಬಾಯಿಮಾತು ಬರುತ್ತದೆ. ನೀನು ಕಲಿಸದೆಯೇ ಬಂದಿದೆ. ನಿನ್ನ ಕಾಗದಕ್ಕೆ ಇಷ್ಟೇ ನನ್ನ ಉತ್ತರ.

ನಿನ್ನ
ಗುಬ್ಬಿ


ನವೆಂಬರ್ 4

ಗುಬ್ಬೀ,

ನಿನ್ನ ಅಂಗುಳಿನ ತಟ್ಟೆ ತೆಗೆದರು, ಸ ಮರಳಿತು, ಮೈಕು ಮರಳಿತು ಎಂದು ಓದಿ ಸಂತೋಷವಾಯಿತು. ನೀನೇ ಕೇಳಿ ಅರ್ಧ ದಿನ ಕೌಂಟರಿನಲ್ಲಿ ಕೂರುತ್ತೀಯ ಎಂಬುದನ್ನು ಎರಡು ಸಲ ಓದಿದೆ. ಹಲ್ಲಿಗೆ ರಬ್ಬರ್ ಎಳೆದು ಹಾಕಿಕೊಳ್ಳುವುದನ್ನು ಮರೆಯಬೇಡ. ಡಾಕ್ಟರಮ್ಮ ಹೇಳಿದಷ್ಟು ಹೊತ್ತು ಹಾಕಿಕೋ, ಊಟಕ್ಕೆ ತೆಗೆದವಳು ಹಾಗೇ ಬಿಡಬೇಡ. ಅರ್ಧ ಕೆಲಸ ನಿನ್ನದು.

ನನ್ನ ಸುದ್ದಿ. ಎಡಗಿವಿ ಪೂರ್ತಿ ಮುಚ್ಚಿತು. ಮಿಲ್ಲಿನವರು ಒಳ್ಳೆಯದಕ್ಕೇ ನನ್ನನ್ನು ಶೆಡ್ಡಿನಿಂದ ಬಟ್ಟೆ ಮಡಿಸುವ ಕೋಣೆಗೆ ಹಾಕಿದರು, ಅಲ್ಲಿ ಸದ್ದಿಲ್ಲ. ಸದ್ದಿಲ್ಲದ ಜಾಗದಲ್ಲಿ ಯಾರೂ ಬಾಯಿ ಬಿಡಿಸಿ ಮಾತಾಡುವುದಿಲ್ಲ ಗುಬ್ಬೀ. ತಲೆ ತಗ್ಗಿಸಿಕೊಂಡು ತುಟಿಯೊಳಗೇ ಗೊಣಗುತ್ತಾರೆ. ಶೆಡ್ಡಿನಲ್ಲಿ ನಾನು ಕಿವುಡಿ ಆಗಿರಲಿಲ್ಲ, ಈ ಕೋಣೆಗೆ ಬಂದು ಆದೆ. ಅದೊಂದು ಬೇಸರ.

ಆದರೆ ದೇವರು ಒಂದು ಬಾಗಿಲು ತೆಗೆದಿದ್ದಾನೆ. ದೂರದಲ್ಲಿ ಹೊಸ ಮಿಲ್ಲು ತೆರೆಯುತ್ತಿದ್ದಾರೆ. ಅಲ್ಲಿಯ ಹುಡುಗಿಯರಿಗೆ ಮಗ್ಗ ಕಲಿಸಲು ನನ್ನನ್ನೂ ಎಡಚಿಯನ್ನೂ ಒಂದು ತಿಂಗಳು ಕಳಿಸುತ್ತಿದ್ದಾರೆ. ಇದೇ 23ಕ್ಕೆ ಹೊರಡುತ್ತೇವೆ. ಮಧ್ಯಾಹ್ನದ ರೈಲು. ಅದು ನಿನ್ನ ನಿಲ್ದಾಣದ ಮೇಲೇ ಹೋಗುತ್ತದೆಯಲ್ಲವೇ? ಇಳಿಯುವಂತಿಲ್ಲ, ಮರುದಿನ ಬೆಳಿಗ್ಗೆಯೇ ಕೆಲಸ. ಟಿಕೆಟ್ಟಿನಲ್ಲಿರುವ ಬೋಗಿ ನಂಬರನ್ನು ಕಾಗದದ ಹಿಂದೆ ಬರೆದಿದ್ದೇನೆ, ಕಿಟಕಿಯ ಪಕ್ಕ ಕೂರುತ್ತೇನೆ.

ಅಮ್ಮ


ನವೆಂಬರ್ 14

ಅಮ್ಮಾ,

ಆ ರೈಲು ಇಲ್ಲಿ ನಿಲ್ಲುವುದು ಎರಡೇ ನಿಮಿಷ. ಅದರ ಪ್ರಕಟಣೆ ನನ್ನ ಪಾಳಿಯಲ್ಲಿ ಬರುತ್ತದೆ. ನಿನ್ನದು ಎಂಜಿನಿನಿಂದ ಆರನೇ ಬೋಗಿ, ನಮ್ಮ ಪ್ಲಾಟ್‌ಫಾರಂ ಬರುವುದು ಬಲಗಡೆಯ ಕಿಟಕಿಗೆ. ಗಾಜು ಮುಚ್ಚಿದ ಬೋಗಿ, ತೆಗೆಯಲು ಬರುವುದಿಲ್ಲ. ಪರವಾಗಿಲ್ಲ.

ಗುಬ್ಬಿ


ಡಿಸೆಂಬರ್ 1

ಗುಬ್ಬೀ,

ಹೊಸ ಮಿಲ್ಲು ಚೆನ್ನಾಗಿದೆ, ಹುಡುಗಿಯರು ಚುರುಕಾಗಿದ್ದಾರೆ. ನಾನು ಮೊದಲು ಮಗ್ಗ ಕಲಿಸಲಿಲ್ಲ, ಬಾಯಿಮಾತು ಕಲಿಸಿದೆ.

ಆ ಎರಡು ನಿಮಿಷದ ವಿಷಯ ಬರೆಯಬೇಕು. ರೈಲು ನಿಂತಿತು. ನಮ್ಮ ಬೋಗಿಯಲ್ಲಿ ಎಲ್ಲರೂ ಕಿಟಕಿಗೆ ಅಂಟಿಕೊಂಡರು. ಹೊರಗೆ ಅವರವರ ಕಡೆಯವರು ನಿಂತು ಕೈ ಬೀಸಿದರು, ಗಾಜು ತಟ್ಟಿದರು, "ಫೋನ್ ಮಾಡು" ಎಂದು ಕಿವಿಗೆ ಬೆರಳು ಇಟ್ಟು ತೋರಿಸಿದರು. ಒಬ್ಬರ ಮಾತೂ ಇನ್ನೊಬ್ಬರಿಗೆ ಕೇಳಿಸಲಿಲ್ಲ. ಅಲ್ಲಿ ಎಲ್ಲರೂ ನನ್ನ ಹಾಗೆಯೇ ಇದ್ದರು.

ನೀನು ಓಡಿ ಬಂದೆ. ಗಾಜಿನ ಹತ್ತಿರ ನಿಂತೆ. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡೆ. ಅದನ್ನು ನೋಡಿಯೇ ನನ್ನ ಕಣ್ಣು ತುಂಬಿತು, ಒರೆಸಿಕೊಳ್ಳಲು ಹೋದರೆ ನಿನ್ನ ಮಾತು ತಪ್ಪಿಹೋಗುತ್ತದೆಂದು ಒರೆಸಿಕೊಳ್ಳಲಿಲ್ಲ. ನೀನು ಮಾತಾಡಿದೆ. "ಅಮ್ಮ, ಊಟ ಆಯ್ತಾ?" ಎಂದೆ. ನಾನು "ಆಯ್ತು" ಎಂದೆ. "ಮೈಕಿನಲ್ಲಿ ಮಾಸ್ತರೇ ಕೂಗ್ತಿದ್ದಾರೆ, ಕಾಗೆ ದನಿ, ನಿಂಗೆ ಕೇಳಿಸದೇ ಇರೋದೇ ಒಳ್ಳೇದು" ಎಂದೆ. ನಾನು ನಕ್ಕೆ. "ನೋಡು" ಎಂದು ನೀನು ತುಟಿ ಎತ್ತಿ ತಂತಿ ತೋರಿಸಿದೆ. ಹಲ್ಲು ಎಷ್ಟು ಒಳಗೆ ಹೋಗಿದೆ ಎಂದು ನಾನು ನೋಡಿದೆ, ಕಿತ್ತ ಹಲ್ಲಿನ ಸಂದಿ ಎಷ್ಟು ಮುಚ್ಚಿದೆ ಎಂದೂ ನೋಡಿದೆ. ನೀನು ನನ್ನ ಕಾಲಿನ ನೋವು ಹೇಗಿದೆ ಎಂದು ಕೇಳಿದೆ, ನಾನು ಹೇಳಿದೆ. ಎಡಚಿ ಪಕ್ಕದಲ್ಲಿ ತಲೆ ತೂರಿಸಿ ನಿನ್ನ ಮದುವೆಯ ವಿಷಯ ಎತ್ತಿದಳು. ನೀನು "ಅವರಿಗೆ ಹೇಳು, ತಂತಿ ಬಿಚ್ಚಿದ ಮೇಲೆ ನೋಡೋಣ" ಎಂದೆ. ಒಂದು ಮಾತೂ ತಪ್ಪಲಿಲ್ಲ ಗುಬ್ಬೀ. ಎಷ್ಟೋ ವರ್ಷಗಳಾದ ಮೇಲೆ ನನ್ನ ಮಗಳ ಮಾತು ಪೂರ್ತಿ ಸಿಕ್ಕಿತು. ಎದುರು ಸೀಟಿನವರು ಎಡಚಿಯನ್ನು, "ಇವ್ರು ಗಾಜಿನ ಒಳಗಿಂದ ಹೇಗೆ ಮಾತಾಡ್ತಾರೆ?" ಎಂದು ಕೇಳಿದರಂತೆ. ಅವಳು "ಮಿಲ್ಲಿನವರು" ಎಂದಳಂತೆ.

ಡಾಕ್ಟರಮ್ಮನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮಾಸ್ತರಿಗೂ ಹೇಳು. ಅವರಿಗೆ ನಾನು ಯಾರೆಂದು ಗೊತ್ತಿಲ್ಲ, ಆದರೂ ಹೇಳು.

ಒಂದೇ ಒಂದು ಅನುಮಾನ ಉಳಿದಿದೆ. ರೈಲು ಹೊರಟಾಗ ನೀನು ಜೊತೆಗೇ ನಾಲ್ಕು ಹೆಜ್ಜೆ ಓಡಿ ಕೊನೆಗೆ ಒಂದು ಮಾತು ಅಂದೆ. ಅಮ್ಮ ಅಂದೆಯೋ, ಅಪ್ಪ ಅಂದೆಯೋ? ಮಕಾರ ಪಕಾರ ತುಟಿಗೆ ಒಂದೇ. ನಿನ್ನ ಹಲ್ಲು ನೋಡುತ್ತಿದ್ದೆನಲ್ಲ, ನನಗೂ ಆ ಹೊತ್ತಿಗೆ ಅವರೇ ಎದುರು ನಿಂತ ಹಾಗಾಗಿತ್ತು. ಯಾವುದು ಅಂದೆ, ಬರೆ.

ಅಮ್ಮ


ಡಿಸೆಂಬರ್ 9

ಅಮ್ಮಾ,

ನಮಸ್ಕಾರ ಇಬ್ಬರಿಗೂ ತಲುಪಿಸಿದೆ. ಮಾಸ್ತರು ತಾವು ಕೂಗಿದ್ದು ಚೆನ್ನಾಗಿತ್ತೇ ಎಂದು ಕೇಳಿದರು. ಅಮ್ಮನಿಗೆ ಬಹಳ ಇಷ್ಟವಾಯಿತಂತೆ ಎಂದೆ. ಸುಳ್ಳೇನಲ್ಲ.

ಡಾಕ್ಟರಮ್ಮ ಇನ್ನೂ ಒಂದು ವರ್ಷ ಹಿಡಿಯುತ್ತದೆ ಎಂದರು. ತಂತಿ ಬಿಚ್ಚಿದರೂ ಕೆಲಸ ಮುಗಿಯುವುದಿಲ್ಲವಂತೆ, ಹಲ್ಲಿಗೆ ತನ್ನ ಹಳೆಯ ಜಾಗ ಬಹಳ ಕಾಲ ನೆನಪಿರುತ್ತದಂತೆ. ಸುಮ್ಮನೆ ಬಿಟ್ಟರೆ ಮೆಲ್ಲಗೆ ಅಲ್ಲಿಗೇ ಹೊರಡುತ್ತದೆ. ಅದಕ್ಕೆ ರಿಟೇನರ್ ಎಂಬ ಅಚ್ಚು ಮಾಡಿಕೊಡುತ್ತಾರೆ, ವರ್ಷಗಟ್ಟಲೆ ಮಲಗುವಾಗ ಹಾಕಿಕೊಳ್ಳಬೇಕು. ಕೈಗೂ ಅಂಥದ್ದೊಂದು ಬೇಕು ಎಂದೆ. "ನಿಮ್ಮ ಅಮ್ಮ ಇದ್ದಾರಲ್ಲ" ಎಂದರು.

ನೀನು ಕೇಳಿದ್ದಕ್ಕೆ ಉತ್ತರ. ನಾನು ಅಂದದ್ದು ಅಮ್ಮ ಎಂದೇ. ಆದರೆ ನಿನ್ನ ಕಾಗದ ಓದಿದ ಮೇಲೆ ಕನ್ನಡಿಯ ಮುಂದೆ ನಿಂತು ಸದ್ದಿಲ್ಲದೆ ಎರಡನ್ನೂ ಹೇಳಿ ನೋಡಿದೆ. ಕೈ ಅಡ್ಡವಿಲ್ಲದೆ ನನ್ನ ಬಾಯಿಯನ್ನು ನಾನೇ ಅಷ್ಟು ಹೊತ್ತು ನೋಡಿದ್ದು ಇದೇ ಮೊದಲು. ನೀನು ಹೇಳಿದ್ದು ನಿಜ, ಎರಡೂ ಒಂದೇ. ಒಂದಿಷ್ಟೂ ವ್ಯತ್ಯಾಸವಿಲ್ಲ. ನನಗೆ ನೆನಪಿರುವಾಗಿನಿಂದ ಯಾವುದನ್ನು ಕೂಗಿದ್ದರೂ ಓ ಎನ್ನುತ್ತಿದ್ದವಳು ನೀನೊಬ್ಬಳೇ. ಹಾಗಾಗಿ ಎರಡನ್ನೂ ಅಂದೆ ಎಂದೇ ಇಟ್ಟುಕೋ.

ನೀನು ಮನೆಗೆ ಮರಳುವ ಹೊತ್ತಿಗೆ ನಾನೂ ರಜೆ ಹಾಕಿ ಬರುತ್ತೇನೆ. ಎದುರು ಕೂತು, ಹೋದ ಡಿಸೆಂಬರಿನಲ್ಲಿ ಹೇಳಿದ್ದನ್ನೆಲ್ಲ ಮೊದಲಿನಿಂದ ಹೇಳುತ್ತೇನೆ.

ನಿನ್ನ
ಗುಬ್ಬಿ